ಬೆರಳ ಜಾಡು: ಯಂತ್ರದ ಸನ್ನೆಪಟ್ಟಿ ಮತ್ತು ಕನ್ನಡದ ಕೈ

ಕನ್ನಡ ಮತ್ತು ಗಣಕಯಂತ್ರದ ಸಂಬಂಧವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಲಿಪಿ, ಕೀಲಿಮಣೆ, ಅಕ್ಷರವಿನ್ಯಾಸ ಎಂಬ ಮೂರು ಸಂಗತಿಗಳ ಸುತ್ತಲೇ ನಡೆದಿವೆ. ಅದು ಸಹಜವೂ ಆಗಿತ್ತು. ಯಂತ್ರದೊಡನೆ ವ್ಯವಹರಿಸಲು ಕೀಲಿ ಒತ್ತುವುದೊಂದೇ ದಾರಿಯಾಗಿದ್ದ ಕಾಲದಲ್ಲಿ ಕನ್ನಡದ ಯಾವ ಅಕ್ಷರ ಯಾವ ಕೀಲಿಯ ಮೇಲೆ ಕೂರಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಈಗ ಯಂತ್ರವು ಕೀಲಿಗಾಗಿ ಕಾಯದೆ ಬೆರಳನ್ನೇ ನೋಡತೊಡಗಿದೆ. ಗಾಳಿಯಲ್ಲಿ ಆಡುವ ಬೆರಳಿನ ಚಲನೆಯನ್ನು ಕ್ಯಾಮೆರಾದ ಮೂಲಕ ಹಿಂಬಾಲಿಸಿ ಅದನ್ನು ಆಜ್ಞೆಯಾಗಿ ಅರ್ಥೈಸುವ ಈ ತಂತ್ರಜ್ಞಾನವನ್ನು ಸದ್ಯಕ್ಕೆ ‘ಬೆರಳ ಜಾಡು ಹಿಡಿಯುವಿಕೆ’ ಎಂದು ಕರೆಯೋಣ. ಇದು ಎಂಜಿನಿಯರಿಂಗ್ ಕಾಲೇಜುಗಳಿಗೆ ಸೇರಿದ ವಿಷಯ, ಕನ್ನಡ ಅಧ್ಯಾಪಕರಿಗೆ ಇಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಈ ಕೆಲಸದ ಅರ್ಧಭಾಗವಾದರೂ ನಮ್ಮದೇ ಎಂಬುದು ಪ್ರಸ್ತುತ ಲೇಖನದ ನಿಲುವು.

ಮೊದಲು ತಂತ್ರಜ್ಞಾನದ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಗಮನಿಸಬಹುದು. 1987ರ ಹೊತ್ತಿಗೆ ಅಮೆರಿಕದ ವಿ.ಪಿ.ಎಲ್. ಸಂಸ್ಥೆ ‘ಡೇಟಾಗ್ಲವ್’ ಎಂಬ ಕೈಗವಸನ್ನು ಮಾರುಕಟ್ಟೆಗೆ ತಂದಿತು. ಬೆರಳು ಮಡಚಿದಷ್ಟನ್ನು ಅದರೊಳಗಿನ ದ್ಯುತಿತಂತುಗಳು ಅಳೆಯುತ್ತಿದ್ದವು. 2009ರಲ್ಲಿ ಗುಜರಾತಿನ ಪ್ರಣವ್ ಮಿಸ್ತ್ರಿ ಅವರು ಎಂ.ಐ.ಟಿ.ಯಲ್ಲಿದ್ದಾಗ ಬೆರಳ ತುದಿಗಳಿಗೆ ಬಣ್ಣದ ಟೋಪಿಗಳನ್ನು ತೊಡಿಸಿ ‘ಸಿಕ್ಸ್ತ್ ಸೆನ್ಸ್’ ಎಂಬ ಪ್ರಯೋಗವನ್ನು ತೋರಿಸಿದರು. 2010ರ ಕಿನೆಕ್ಟ್, 2013ರ ಲೀಪ್ ಮೋಷನ್ ಬಂದ ಮೇಲೆ ಗವಸು, ಟೋಪಿ ಎರಡೂ ಬೇಡವಾದವು. 2019ರಲ್ಲಿ ಗೂಗಲ್ ಪ್ರಕಟಿಸಿದ ಮೀಡಿಯಾಪೈಪ್ ವ್ಯವಸ್ಥೆ ಸಾಧಾರಣ ಮೊಬೈಲಿನ ಕ್ಯಾಮೆರಾದಲ್ಲೇ ಈ ಕೆಲಸವನ್ನು ಮಾಡಿತು. ಅದು ಮೊದಲು ಅಂಗೈಯನ್ನು ಹುಡುಕುತ್ತದೆ. ಬಳಿಕ ಕೈಯ ಮೇಲೆ 21 ಬಿಂದುಗಳನ್ನು ಗುರುತಿಸುತ್ತದೆ. ಮಣಿಕಟ್ಟಿಗೆ ಒಂದು, ಪ್ರತಿ ಬೆರಳಿಗೆ ನಾಲ್ಕು. ಹೀಗೆ ಗುರುತಿಸುವುದನ್ನು ಯಂತ್ರಕ್ಕೆ ಕಲಿಸಲು ಸುಮಾರು 30 ಸಾವಿರ ಕೈಚಿತ್ರಗಳ ಮೇಲೆ ಮನುಷ್ಯರೇ ಕುಳಿತು ಬಿಂದುಗಳನ್ನಿಟ್ಟರು. ಆ ಮೂವತ್ತು ಸಾವಿರ ಕೈಗಳು ಯಾರವು, ಯಾವ ಕೆಲಸ ಮಾಡಿದವು ಎಂಬ ಪ್ರಶ್ನೆ ತಾಂತ್ರಿಕವಾಗಿ ಕಾಣುತ್ತದಾದರೂ ಅದು ಸಂಸ್ಕೃತಿ ಅಧ್ಯಯನದ ಪ್ರಶ್ನೆಯೇ ಆಗಿದೆ.

ಇದೇ ವ್ಯವಸ್ಥೆಯೊಡನೆ ಸಿದ್ಧವಾಗಿ ಬರುವ ಸನ್ನೆಗಳ ಪಟ್ಟಿಯೊಂದಿದೆ. ಅದರಲ್ಲಿ ಇರುವುದು ಏಳು: ಬಿಗಿದ ಮುಷ್ಟಿ, ತೆರೆದ ಅಂಗೈ, ಮೇಲಕ್ಕೆ ತೋರಿಸುವ ಬೆರಳು, ಮೇಲೆತ್ತಿದ ಹೆಬ್ಬೆರಳು, ಕೆಳಗಿಳಿಸಿದ ಹೆಬ್ಬೆರಳು, ಗೆಲುವಿನ ಎರಡು ಬೆರಳು, ಮತ್ತು ಅಮೆರಿಕದ ಕಿವುಡರ ಸನ್ನೆಭಾಷೆಯಿಂದ ಬಂದ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮುದ್ರೆ. ಈ ಪಟ್ಟಿಯನ್ನು ಮಾಡಿದವರ ಮೇಲೆ ಆಕ್ಷೇಪವೇನಿಲ್ಲ. ತಮಗೆ ಗೊತ್ತಿದ್ದುದನ್ನು ಅವರು ಸೇರಿಸಿದ್ದಾರೆ. ಆದರೆ ಜಗತ್ತಿನ ಎಲ್ಲೆಡೆ ವಿದ್ಯಾರ್ಥಿಗಳು ಈ ಏಳನ್ನೇ ಆಧಾರವಾಗಿಟ್ಟುಕೊಂಡು ಹೊಸ ಸಾಧನಗಳನ್ನು ಕಟ್ಟುವಾಗ ಸೌಲಭ್ಯಕ್ಕಾಗಿ ಮಾಡಿದ ಪಟ್ಟಿ ಕ್ರಮೇಣ ವ್ಯಾಕರಣದ ಸ್ಥಾನವನ್ನು ಪಡೆಯುತ್ತದೆ. ನಮ್ಮ ಕಡೆ ಹೆಬ್ಬೆರಳನ್ನು ಅಡ್ಡಡ್ಡ ಅಲ್ಲಾಡಿಸಿದರೆ ‘ಏನೂ ಇಲ್ಲ, ಖಾಲಿ’ ಎಂದರ್ಥ. ಶಾಲೆಯ ಮಗು ಕಿರುಬೆರಳು ಎತ್ತಿದರೆ ಮೇಷ್ಟ್ರು ಹೊರಗೆ ಬಿಡುತ್ತಾರೆ. ಅದೇ ಕಿರುಬೆರಳನ್ನು ಗೆಳೆಯನ ಮುಂದೆ ಚಾಚಿದರೆ ‘ಟೂ’ ಬಿಟ್ಟಂತೆ. ಹಿರಿಯರನ್ನು ಕರೆಯುವಾಗ ಅಂಗೈ ಕೆಳಮುಖವಾಗಿರಬೇಕು. ಒಂದೇ ಬೆರಳನ್ನು ಮಡಚಿ ಕರೆದರೆ ಅದು ಉದ್ಧಟತನ. ಇವು ಯಾವ ಪಟ್ಟಿಯಲ್ಲೂ ಇಲ್ಲ. ಯಂತ್ರದ ಪಟ್ಟಿಯಲ್ಲಿ ಇಲ್ಲದಿರುವುದು ಇರಲಿ, ನಮ್ಮ ನಿಘಂಟುಗಳಲ್ಲಾದರೂ ಇವೆಯೇ ಎಂದು ಕೇಳಿಕೊಳ್ಳಬೇಕು.

ಕನ್ನಡವು ಕೈಯನ್ನು ಕುರಿತು ಬಡ ಭಾಷೆಯೇನಲ್ಲ. ಚಿಟಿಕೆ, ಹಿಡಿ, ಬೊಗಸೆ ಎಂಬ ಪರಿಮಾಣಗಳೂ ಚೋಟು, ಗೇಣು, ಮೊಳ, ಮಾರು ಎಂಬ ಉದ್ದಗಳೂ ಕೈಯ ಭಂಗಿಗಳೇ ಆಗಿವೆ. ಹೆಬ್ಬೆರಳ ತುದಿಯಿಂದ ತೋರುಬೆರಳಿಗೆ ಚಾಚಿದರೆ ಚೋಟು, ಕಿರುಬೆರಳಿಗೆ ಚಾಚಿದರೆ ಗೇಣು. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ ಹನ್ನೆರಡರವರೆಗೆ ಎಣಿಸುವ ಪದ್ಧತಿ ಜಪದಲ್ಲೂ ಲೆಕ್ಕದಲ್ಲೂ ಇದೆ. ಒಂದು ಬೆರಳಿಗಂತೂ ಅದರ ಕೆಲಸವೇ ಹೆಸರಾಗಿದೆ: ತೋರುಬೆರಳು. ಇಷ್ಟಿದ್ದೂ ಹೊಸ ಸಾಧನಗಳ ವಿಷಯ ಬಂದಾಗ ನಾವು ಆಂಗ್ಲ ಪದದ ತದ್ರೂಪು ಹುಡುಕಲು ಹೊರಡುತ್ತೇವೆ. 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಎಂಬ ಕನ್ನಡಕದಲ್ಲಿ ಕಣ್ಣಿನಿಂದ ನೋಡಿ, ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿದರೆ ಆಯ್ಕೆಯಾಗುತ್ತದೆ. ಆಂಗ್ಲರು ಅದಕ್ಕೆ ಇಟ್ಟಿರುವ ‘ಪಿಂಚ್’ ಎಂಬ ಹೆಸರನ್ನು ‘ಚಿವುಟು’ ಎಂದು ಕನ್ನಡಿಸಿದರೆ ತಪ್ಪಾಗುತ್ತದೆ. ಚಿವುಟುವುದು ಸೊಪ್ಪನ್ನು, ಅಥವಾ ತೊಡೆಯನ್ನು. ಇಲ್ಲಿ ಬೇಕಾದದ್ದು ಚಿಟಿಕೆ. ಒಂದು ಪದದ ಆಯ್ಕೆಯಲ್ಲಿ ಇಷ್ಟು ಹಟವೇಕೆ ಎನ್ನಬಹುದು. ಆ ಪದವನ್ನು ಕೇಳಿ ಕೈ ಆಡಿಸಬೇಕಾದವರು ಇಟ್ಟಿಗಿಯ ಅಜ್ಜಿಯಾದರೆ ಅವರ ಬೆರಳು ಏನು ಮಾಡುತ್ತದೆ ಎಂಬುದನ್ನು ಪದವೇ ನಿರ್ಧರಿಸುತ್ತದೆ.

ಇಟ್ಟಿಗಿಯ ಹೆಸರನ್ನು ಸುಮ್ಮನೆ ಎತ್ತಿಲ್ಲ. ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿದ್ದು 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಹೂವಿನಹಡಗಲಿ ತಾಲೂಕಿನ ಊರು ಅದು. ಭೌಗೋಳಿಕ ಸೂಚಿಕೆ ಪಡೆದ ಹಡಗಲಿ ಮಲ್ಲಿಗೆ ಈ ತಾಲೂಕಿನದೇ. ಹೂ ಕಟ್ಟುವ ಕೈಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುವಂತೆ, ಎಡಗೈಯ ಬೆರಳುಗಳು ದಾರವನ್ನೂ ಮೊಗ್ಗುಗಳನ್ನೂ ಏಕಕಾಲಕ್ಕೆ ಹಿಡಿದಿರುತ್ತವೆ. ಎದುರುಬದುರಾಗಿ ಜೋಡಿಸಿದ ಮೊಗ್ಗುಗಳ ಕಾಂಡದ ಮೇಲೆ ಬಲಗೈಯ ಬೆರಳು ದಾರದ ಕುಣಿಕೆಯೊಂದನ್ನು ತಿರುವಿ ಹಾಕಿ ಬಿಗಿಯುತ್ತದೆ. ಕಟ್ಟುವವರ ಕಣ್ಣು ಬೀದಿಯ ಮೇಲಿರುತ್ತದೆ, ಬಾಯಿ ಮಾತಿನಲ್ಲಿರುತ್ತದೆ, ಕೈ ತನ್ನಷ್ಟಕ್ಕೆ ನಡೆಯುತ್ತದೆ. ಬೆರಳ ಜಾಡು ಹಿಡಿಯುವ ಯಂತ್ರಗಳು ಸೋಲುವುದು ಸರಿಯಾಗಿ ಇಲ್ಲಿಯೇ. ಒಂದು ಬೆರಳು ಇನ್ನೊಂದನ್ನು ಮರೆಮಾಡಿದಾಗ, ಕೈಯಲ್ಲಿ ವಸ್ತುವೊಂದಿದ್ದಾಗ, ಎರಡು ಕೈಗಳು ಹೆಣೆದುಕೊಂಡಾಗ ಕಾಣದ ಬಿಂದುಗಳನ್ನು ಯಂತ್ರ ಊಹಿಸಬೇಕಾಗುತ್ತದೆ, ಊಹೆ ತಪ್ಪುತ್ತದೆ. ಪ್ರಯೋಗಾಲಯಗಳು ಬರಿಗೈಯನ್ನು ಕ್ಯಾಮೆರಾದ ಮುಂದೆ ಚಾಚಿ ಕಲಿಸಿರುವುದು ಇದಕ್ಕೊಂದು ಕಾರಣ. ದುಡಿಯುವ ಕೈ ಬರಿಗೈಯಾಗಿರುವುದು ವಿರಳ. ಹೂ ಕಟ್ಟುವ, ಬೀಡಿ ಸುತ್ತುವ, ಕೌದಿ ಹೊಲಿಯುವ ಕೈಗಳ ದೃಶ್ಯಸಂಗ್ರಹವೊಂದು ನಮ್ಮಲ್ಲಿದ್ದರೆ ಅದು ಜಾನಪದ ದಾಖಲೆಯೂ ಆಗುತ್ತದೆ, ಈ ಶಾಸ್ತ್ರದ ಅತ್ಯಂತ ಕಠಿಣ ಸಮಸ್ಯೆಗೆ ಬೇಕಾದ ಸಾಮಗ್ರಿಯೂ ಆಗುತ್ತದೆ. ನಮ್ಮ ವೃತ್ತಿಪದ ಸಂಗ್ರಹಗಳು ಪದವನ್ನು ಬರೆದುಕೊಂಡವು, ಉಪಕರಣದ ಚಿತ್ರವನ್ನೂ ಹಾಕಿದವು. ಪದಕ್ಕೂ ಉಪಕರಣಕ್ಕೂ ನಡುವೆ ಇದ್ದ ಕೈಯ ಚಲನೆ ಮಾತ್ರ ಹಾಳೆಯ ಮೇಲೆ ನಿಲ್ಲಲಿಲ್ಲ. ಇದೇ ತಾಲೂಕಿನ ಮೈಲಾರದಲ್ಲಿ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಕಾರಣಿಕದ ಒಂದು ಸಾಲು ಪ್ರತಿವರ್ಷ ಪತ್ರಿಕೆಗಳಲ್ಲಿ ಅಚ್ಚಾಗಿ ಚರ್ಚೆಗೊಳಗಾಗುತ್ತದೆ. ನುಡಿಗೆ ಮುಂಚಿನ ಅವರ ದೇಹಭಂಗಿಯನ್ನು ಅಷ್ಟೇ ಶ್ರದ್ಧೆಯಿಂದ ಗಮನಿಸಿದ ಬರೆಹ ಅಪರೂಪ.

ಇನ್ನು ಅರ್ಥದ ಪ್ರಶ್ನೆ. ಈ ಕ್ಷೇತ್ರದ ತಜ್ಞರು ‘ಮಿಡಾಸ್ ಸ್ಪರ್ಶ’ ಎಂಬ ಸಮಸ್ಯೆಯನ್ನು ಮತ್ತೆ ಮತ್ತೆ ಪ್ರಸ್ತಾಪಿಸುತ್ತಾರೆ. ಮುಟ್ಟಿದ್ದೆಲ್ಲ ಚಿನ್ನವಾದ ಗ್ರೀಕ್ ಪುರಾಣದ ದೊರೆಯಂತೆ, ಬೆರಳಿನ ಪ್ರತಿ ಚಲನೆಯೂ ಯಂತ್ರಕ್ಕೆ ಆಜ್ಞೆಯಾಗಿಬಿಡುವ ಫಜೀತಿ ಅದು. ನಮ್ಮ ಬಯಲಾಟ, ಯಕ್ಷಗಾನಗಳ ಪ್ರೇಕ್ಷಕರಿಗೆ ಇದನ್ನು ವಿವರಿಸಲು ಗ್ರೀಸಿಗೆ ಹೋಗಬೇಕಾಗಿಲ್ಲ. ಭಸ್ಮಾಸುರನ ಕೈಗೆ ದೊರೆತ ವರ ಇಂಥದೇ. ಆ ಕೈ ಯಾರ ತಲೆಯ ಮೇಲೆ ಬಿದ್ದರೂ ಆಜ್ಞೆ ಜಾರಿಯಾಗುತ್ತದೆ. ಮೋಹಿನಿಯ ಕುಣಿತವನ್ನು ಅನುಕರಿಸುತ್ತ ಅವನು ತನ್ನ ತಲೆಯ ಮೇಲೇ ಕೈಯಿಡುತ್ತಾನೆ. ಅವನದು ನೃತ್ಯವೆಂದು ವರಕ್ಕೆ ತಿಳಿಯದು. ಸನ್ನೆ, ಮುದ್ರೆ, ಇಂಗಿತ ಎಂಬ ಮೂರು ಪದಗಳನ್ನು ಕನ್ನಡ ಬಹುಕಾಲದಿಂದ ಬೇರೆ ಬೇರೆಯಾಗಿ ಬಳಸಿದೆ. ಶಾಸ್ತ್ರವು ನಿಗದಿಪಡಿಸಿದ್ದು ಮುದ್ರೆ, ಲೋಕವ್ಯವಹಾರದಲ್ಲಿ ಹುಟ್ಟಿದ್ದು ಸನ್ನೆ, ಅದರ ಹಿಂದಿರುವ ಮನದ ಒಲವು ಇಂಗಿತ. ಸದ್ಯದ ಯಂತ್ರ ಮುದ್ರೆಯನ್ನು ಚೆನ್ನಾಗಿ ಓದುತ್ತದೆ, ಸನ್ನೆಯನ್ನು ಅರ್ಧಮರ್ಧ ಓದುತ್ತದೆ, ಇಂಗಿತದ ಬಳಿ ಸುಳಿಯುವುದಿಲ್ಲ. ‘ಜೆಸ್ಚರ್’ ಎಂಬ ಒಂದೇ ಪದದಲ್ಲಿ ಮೂರನ್ನೂ ಬೆರೆಸಿಕೊಂಡವರಿಗೆ ಈ ವಿಂಗಡಣೆ ಉಪಯುಕ್ತವಾಗಬಲ್ಲದು. ಕನ್ನಡದಲ್ಲಿ ಸಿದ್ಧಾಂತ ಕಟ್ಟಲು ಸಾಧ್ಯವೇ ಎಂಬ ಹಳೆಯ ವಾದಕ್ಕೆ ನಾನು ಇದನ್ನೊಂದು ಸಣ್ಣ ಉದಾಹರಣೆಯಾಗಿ ಮುಂದಿಡುತ್ತೇನೆ.

ಬರೆವಣಿಗೆಯ ವಿಷಯಕ್ಕೆ ಬಂದರೆ ಬೆರಳಿಗೂ ಕನ್ನಡಕ್ಕೂ ಇರುವ ನಂಟು ಇನ್ನೂ ಗಾಢ. ಅಕ್ಕಿಯ ಮೇಲೆ, ಮರಳಿನ ಮೇಲೆ ಬೆರಳಿನಿಂದ ತಿದ್ದಿಯೇ ತಲೆಮಾರುಗಳು ಅಕ್ಷರ ಕಲಿತವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಯಶಸ್ವಿಯಾದದ್ದು ವರ್ಣಮಾಲೆಯ ಧ್ವನಿತರ್ಕವನ್ನು ಅದು ನೆಚ್ಚಿಕೊಂಡದ್ದರಿಂದ. ಒತ್ತಕ್ಷರಗಳಿಗೆ ಪ್ರತ್ಯೇಕ ಕೀಲಿಗಳಿಲ್ಲದೆ, ವ್ಯಂಜನಗಳನ್ನು ಕೂಡಿಸುವ ಒಂದು ಕೀಲಿಯಿಂದಲೇ ಅದು ಕೆಲಸ ಸಾಧಿಸಿತು. ಬೆಂಗಳೂರಿನ ಎಚ್.ಪಿ. ಲ್ಯಾಬ್ಸ್ ಇಂಡಿಯಾ 2000ರ ದಶಕದ ನಡುಭಾಗದಲ್ಲಿ ರೂಪಿಸಿದ ‘ಜೆಸ್ಚರ್ ಕೀಬೋರ್ಡ್’ ಇದಕ್ಕಿಂತ ಭಿನ್ನವಾದ, ಇಂದು ಬಹುತೇಕ ಮರೆತುಹೋಗಿರುವ ಪ್ರಯತ್ನ. ಹಲಗೆಯ ಮೇಲೆ ವ್ಯಂಜನಗಳು ಅಚ್ಚಾಗಿದ್ದವು. ಬೇಕಾದ ವ್ಯಂಜನದ ಮೇಲೆ ಲೇಖನಿಯಿಂದ ಗುಣಿತದ ಗೆರೆಯನ್ನು ಎಳೆದರೆ ಗುಣಿತಾಕ್ಷರ ಮೂಡುತ್ತಿತ್ತು. ಕಾಗುಣಿತದ ಕಲ್ಪನೆಯನ್ನೇ ಯಂತ್ರದೊಳಗೆ ತಂದ ವಿನ್ಯಾಸ ಅದು. ಟಚ್ ಸ್ಕ್ರೀನ್ ಫೋನುಗಳು ಬಂದ ಮೇಲೆ ಅದು ಹಿಂದೆ ಸರಿಯಿತಾದರೂ ಅದರ ಹಿಂದಿನ ಆಲೋಚನೆ ಹಳತಾಗಿದೆ ಎನ್ನಲಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಕೈಬರಹವನ್ನು ಗುರುತಿಸುವ ಕೆಲಸವನ್ನು ವರ್ಷಗಳ ಕಾಲ ಮಾಡಿದೆ. ಇಂದು ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಕನ್ನಡ ಬರೆದರೆ ಅದು ಅಚ್ಚಿನ ಅಕ್ಷರವಾಗುವುದು ಸಾಮಾನ್ಯ ಸಂಗತಿಯಾಗಿದೆ.

ಆದರೆ ಪರದೆಯಿಂದ ಗಾಳಿಗೆ ಬಂದೊಡನೆ ಹೊಸ ತೊಡಕು ಹುಟ್ಟುತ್ತದೆ. ಪರದೆಯ ಮೇಲೆ ಬೆರಳು ಮುಟ್ಟಿದಾಗ ಗೆರೆ, ಎತ್ತಿದಾಗ ಬಿಡುವು. ಗಾಳಿಯಲ್ಲಿ ಮುಟ್ಟುವುದೂ ಇಲ್ಲ, ಎತ್ತುವುದೂ ಇಲ್ಲ. ಎಲ್ಲವೂ ಒಂದೇ ಅಖಂಡ ಜಾಡು. ರೋಮನ್ ಅಕ್ಷರಗಳಲ್ಲಿ ಹಲವನ್ನು ಒಂದೇ ಎಳೆತದಲ್ಲಿ ಮುಗಿಸಬಹುದು. ಕನ್ನಡದಲ್ಲಿ ತಲೆಕಟ್ಟು ಮೇಲೆ, ಒತ್ತು ಕೆಳಗೆ, ದೀರ್ಘ ಪಕ್ಕದಲ್ಲಿ. ಅರ್ಕಾವತ್ತು ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಕೊನೆಗೆ. ಒಂದು ‘ಸ್ತ್ರೀ’ ಬರೆಯಲು ಬೆರಳು ಎಷ್ಟು ಸಲ ನೆಗೆಯಬೇಕು! ಆ ನೆಗೆತಗಳು ಅಕ್ಷರದ ಭಾಗವಲ್ಲವೆಂದು ಯಂತ್ರಕ್ಕೆ ಹೇಳಬೇಕಾದರೆ, ಕನ್ನಡಿಗರು ಅಕ್ಷರವನ್ನು ಯಾವ ಕ್ರಮದಲ್ಲಿ ಬರೆಯುತ್ತಾರೆ, ತಲೆಕಟ್ಟನ್ನು ಮೊದಲು ಹಾಕುವವರೆಷ್ಟು, ಕೊನೆಗೆ ಹಾಕುವವರೆಷ್ಟು ಎಂಬ ಮಾಹಿತಿ ಬೇಕು. ಲಿಪಿಶಾಸ್ತ್ರವನ್ನು ಶಾಸನಗಳ ಕಾಲಕ್ಕೆ ಸೀಮಿತಗೊಳಿಸಿ ಪಾಠ ಮಾಡುವ ನಾವು ಜೀವಂತ ಬರವಣಿಗೆಯ ಈ ಸಾಮಾನ್ಯ ಸಂಗತಿಯನ್ನು ಅಧ್ಯಯನಕ್ಕೆ ಯೋಗ್ಯವೆಂದು ಭಾವಿಸಿಲ್ಲ.

ನಾವು ಹೊರಗುಳಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ನಮ್ಮ ಮೇಜಿನ ಮೇಲೆಯೇ ಇದೆ. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ‘ರ‍್ಯಾಂಕ್’ ಎಂದು ಬರೆಯಲು ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಸೇರಿಸಬೇಕು, ಇಲ್ಲವಾದರೆ ಅರ್ಕಾವತ್ತು ಮೂಡುತ್ತದೆ. 2000ರ ದಶಕದಲ್ಲಿ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಪಿಎಚ್.ಡಿ. ಪ್ರಬಂಧಗಳನ್ನು ಇಂದು ತೆರೆದರೆ ಪರಿವರ್ತಕದ ನೆರವಿಲ್ಲದೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅಕ್ಷರದ ಮಟ್ಟದಲ್ಲಿ ಆದದ್ದು ಸನ್ನೆಯ ಮಟ್ಟದಲ್ಲಿ ಆದರೆ ಪರಿವರ್ತಕವೂ ಸಿಗಲಾರದು. ಏಕೆಂದರೆ ದಾಖಲಾಗದ ಸನ್ನೆಗೆ ಮೂಲಪ್ರತಿಯೇ ಇರುವುದಿಲ್ಲ.

ಹಾಗೆಂದು ಎಲ್ಲವನ್ನೂ ಚಿತ್ರೀಕರಿಸಿ ಯಂತ್ರಕ್ಕೆ ಉಣಿಸಬೇಕು ಎಂಬ ಉತ್ಸಾಹವೂ ನನಗಿಲ್ಲ. ನಮ್ಮ ಹಳ್ಳಿಗಳಲ್ಲಿ ಯಂತ್ರವು ಬೆರಳನ್ನು ಮೊದಲು ಕಂಡದ್ದು ಪಡಿತರ ಅಂಗಡಿಯ ಬೆರಳಚ್ಚಿನ ಮೂಲಕ. ‘ಹೆಬ್ಬೆಟ್ಟು’ ಎಂಬ ಪದಕ್ಕೆ ನಾವು ಅನಕ್ಷರತೆಯ ಅವಮಾನವನ್ನು ಅಂಟಿಸಿದ್ದೆವು. ಈಗ ಅಕ್ಷರಸ್ಥರೂ ಹೆಬ್ಬೆಟ್ಟು ಒತ್ತಿ ತಾವು ತಾವೇ ಎಂದು ಸಾಬೀತುಪಡಿಸಬೇಕಾಗಿದೆ. ಕೂಲಿ ಮಾಡಿ ಗೆರೆ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದಾಗ ಸಾಲಿನಲ್ಲಿ ನಿಂತವರ ಮುಖವನ್ನು ಕಂಡವರು ಬೆರಳ ಜಾಡಿನ ಬಗೆಗೂ ಸ್ವಲ್ಪ ಅನುಮಾನದಿಂದಲೇ ಮಾತನಾಡುತ್ತಾರೆ. ಇನ್ನೊಂದು ಕಡೆ, ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯಿದೆ. ಹಿಡಿದ ಬೆರಳು ನೂರೋ ಸಾವಿರವೋ ಎಂಬುದು ಎತ್ತನ್ನು ನೋಡಿದ ಇಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕಾಣಬಾರದು ಎಂಬುದೇ ಆ ಬೆರಳಭಾಷೆಯ ಮೊದಲ ನಿಯಮ. ಅದನ್ನು ಸಂಶೋಧಕ ದಾಖಲಿಸಬೇಕೇ? ದಾಖಲಿಸಿದರೆ ಯಾರ ಒಪ್ಪಿಗೆಯಿಂದ, ಯಾರ ವಶದಲ್ಲಿ? ಕ್ಷೇತ್ರಕಾರ್ಯದ ನೀತಿಯನ್ನು ಕುರಿತ ಈ ಪ್ರಶ್ನೆಗಳನ್ನು ಎಂಜಿನಿಯರು ಕೇಳಿಕೊಳ್ಳುವುದು ಕಡಿಮೆ. ಕೇಳುವ ತರಬೇತಿ ನಮಗಿದೆ, ಅಥವಾ ಇರಬೇಕು.

ಧ್ವನಿ ಗುರುತಿಸುವ ತಂತ್ರಜ್ಞಾನ ಕನ್ನಡದಲ್ಲಿ ಸುಧಾರಿಸಿರುವಾಗ ಬೆರಳಿನ ಗೊಡವೆ ಏಕೆ ಎಂದು ಕೆಲವರು ಕೇಳುತ್ತಾರೆ. ಮಾತನಾಡಲಾಗದವರೂ ಕೇಳಿಸದವರೂ ನಮ್ಮ ನಡುವೆ ಇದ್ದಾರೆ. 2011ರ ಜನಗಣತಿ ದೇಶದಲ್ಲಿ ಶ್ರವಣದೋಷವುಳ್ಳವರನ್ನು ಸುಮಾರು 50 ಲಕ್ಷವೆಂದು ಎಣಿಸಿತು. ಅವರ ಸನ್ನೆಭಾಷೆ ಕನ್ನಡದ ಕೈರೂಪವಲ್ಲ, ಸ್ವತಂತ್ರ ವ್ಯಾಕರಣವುಳ್ಳ ಭಾಷೆ. ಅದನ್ನು ಬೇರೆಯಾಗಿಯೇ ಅಭ್ಯಸಿಸಬೇಕು.

ಕೆಲಸವನ್ನು ದೊಡ್ಡ ಯೋಜನೆಯಾಗಿ ಆರಂಭಿಸಬೇಕಾಗಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ. ಹಡಗಲಿ, ಕೊಟ್ಟೂರು, ಹರಪನಹಳ್ಳಿಗಳ ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರು ಹತ್ತಿರವಿದ್ದಾರೆ. ಒಬ್ಬ ಎಂ.ಎ. ವಿದ್ಯಾರ್ಥಿ, ಒಂದು ಮೊಬೈಲು, ಹೂ ಕಟ್ಟುವ ಹತ್ತು ಮಂದಿ ತಾಯಂದಿರ ಒಪ್ಪಿಗೆ ಸಾಕು. ಚಿತ್ರದ ಜೊತೆಗೆ ಪ್ರತಿ ಚಲನೆಗೆ ಅವರು ಬಳಸುವ ಮಾತು, ಕಲಿತದ್ದು ಯಾರಿಂದ ಎಂಬ ವಿವರ, ಚಿತ್ರವನ್ನು ಯಾರಿಗೆ ತೋರಿಸಬಹುದು ಎಂಬ ಅವರ ನಿರ್ಧಾರ, ಇವನ್ನು ಬರೆದಿಟ್ಟುಕೊಳ್ಳಬೇಕು. ಮಲ್ಲಿಗೆಯ ಸುಗ್ಗಿ ಬೇಸಗೆಯಲ್ಲಿ. ಕಾಲೇಜುಗಳಿಗೂ ಆಗ ರಜೆಯಿರುತ್ತದೆ.