ಬಾಳಿಕೆ ಬರುವ ಗಣಕಯಂತ್ರ: ಎಲ್ಲಿ ಖರ್ಚು, ಎಲ್ಲಿ ಉಳಿತಾಯ?

ಹತ್ತನೆಯ ತರಗತಿಯ ಫಲಿತಾಂಶ ಬಂದಿತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ತಪ್ಪದೆ ಬರುವ ಪ್ರಶ್ನೆಯೊಂದಿದೆ: "ಸಾರ್, ಮಗಳು ಪಿಯುಸಿ ಸೇರುತ್ತಿದ್ದಾಳೆ. ಮನೆಗೊಂದು ಕಂಪ್ಯೂಟರ್ ಬೇಕು. ಹೆಚ್ಚು ದುಡ್ಡಿಲ್ಲ. ಯಾವುದನ್ನು ಕೊಳ್ಳಲಿ?" ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಅದಕ್ಕಾಗಿ ತೆಗೆದಿರಿಸಿದ ಹಣ ಎಷ್ಟೋ ಮನೆಗಳಲ್ಲಿ ಎತ್ತಿದ ಚೀಟಿಯದ್ದು, ಇಲ್ಲವೇ ಅಡಕೆ ಮಾರಿ ಬಂದದ್ದು. ಕೊಂಡ ಯಂತ್ರ ಮೂರೇ ವರ್ಷದಲ್ಲಿ ಕೈಕೊಟ್ಟರೆ ಇನ್ನೊಂದನ್ನು ಕೊಳ್ಳುವ ಚೈತನ್ಯ ಆ ಮನೆಗಿರುವುದಿಲ್ಲ. ಅಕ್ಕನ ಓದು ಮುಗಿದು ತಮ್ಮನ ಸರದಿ ಬರುವ ಹೊತ್ತಿಗೆ ಮೇಜು ಬರಿದಾಗಿರುತ್ತದೆ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಮುಂದೆ ಸೇರಿಸಬಹುದಾದುದನ್ನು ಮುಂದೆ ಕೊಳ್ಳಿ, ಮುಂದೆ ಬದಲಿಸಲು ಕಷ್ಟವಾದುದನ್ನು ಮೊದಲೇ ಉತ್ತಮವಾದುದನ್ನು ಆರಿಸಿ ಕೊಳ್ಳಿ. ಅಂಗಡಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಬಣ್ಣದ ದೀಪಗಳು ಮಿನುಗುವ ಗಾಜಿನ ಪೆಟ್ಟಿಗೆಗೆ ಹಣ ಸುರಿದು, ಒಳಗೆ ಹೆಸರಿಲ್ಲದ ವಿದ್ಯುತ್ ಪೂರೈಕೆಯ ಘಟಕವನ್ನು ಕೂರಿಸುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇಂತಹ ಯಂತ್ರಗಳಿಗೆಂದೇ ಹುಟ್ಟಿದಂತಿದೆ.

ಆ ಘಟಕದಿಂದಲೇ ಆರಂಭಿಸೋಣ. ಎಸ್‌ಎಂಪಿಎಸ್ ಎಂದು ಕರೆಯಲಾಗುವ ಇದು ಗೋಡೆಯಿಂದ ಬರುವ 230 ವೋಲ್ಟ್‌ಗಳ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಕಂಪ್ಯೂಟರಿನ ಪ್ರತಿಯೊಂದು ಭಾಗವೂ ಉಣ್ಣುವುದು ಇದರ ಕೈಯಿಂದಲೇ. ಒಳ್ಳೆಯ ಘಟಕ ಕೆಟ್ಟರೆ ಸಾಮಾನ್ಯವಾಗಿ ತಾನೊಂದೇ ಕೆಡುತ್ತದೆ; ರಕ್ಷಣಾ ಮಂಡಲಗಳನ್ನು ಬಿಟ್ಟು ತಯಾರಿಸಿದ ಅಗ್ಗದ ಘಟಕ ಕೆಟ್ಟರೆ ಮದರ್‌ಬೋರ್ಡನ್ನೂ ಕಡತಗಳಿರುವ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ಮಳೆಗಾಲದಲ್ಲಿ ವಿದ್ಯುತ್ತು ಗಳಿಗೆಗೊಮ್ಮೆ ಬಂದು ಹೋಗುವ ನಮ್ಮ ಊರುಗಳಲ್ಲಿ ಈ ಮಾತನ್ನು ಹಗುರವಾಗಿ ಕಾಣಲಾಗದು. 2004ರಲ್ಲಿ ಆರಂಭವಾದ '80 ಪ್ಲಸ್' ಮುದ್ರೆಯನ್ನು ಬಹಳ ಮಂದಿ ಗುಣಮಟ್ಟದ ಪ್ರಮಾಣಪತ್ರವೆಂದು ತಿಳಿಯುತ್ತಾರೆ. ಅದು ಹೇಳುವುದು ದಕ್ಷತೆಯನ್ನು ಮಾತ್ರ, ಬಾಳಿಕೆಯನ್ನಲ್ಲ. ಬಾಳಿಕೆಗೆ ನನ್ನ ಅಳತೆಗೋಲು ತಯಾರಕರು ಕೊಡುವ ಖಾತರಿಯ ಅವಧಿ. 5 ವರ್ಷ ಖಾತರಿ ಕೊಡುವವನಿಗೆ ತನ್ನ ವಸ್ತುವಿನ ಮೇಲೆ ಅಷ್ಟಾದರೂ ನಂಬಿಕೆಯಿದೆಯೆಂದು ಅರ್ಥ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಯಂತ್ರಕ್ಕೆ 450 ವ್ಯಾಟ್ ಧಾರಾಳವಾಗಿ ಸಾಕು. 750 ವ್ಯಾಟ್‌ನ ಕಳಪೆಗಿಂತ 450 ವ್ಯಾಟ್‌ನ ಒಳ್ಳೆಯದು ಮೇಲು.

ಎರಡನೆಯದು ಮದರ್‌ಬೋರ್ಡ್. ಇಲ್ಲಿ ನೋಡಬೇಕಾದುದು ಅದರ ಸಾಕೆಟ್ಟಿನ ಭವಿಷ್ಯವನ್ನು. ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ನಿದರ್ಶನ. 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರಿನೊಂದಿಗೆ ಕೊಂಡ ಹಲವು ಬೋರ್ಡುಗಳು, ಬಯೋಸ್ ತಂತ್ರಾಂಶವನ್ನು ನವೀಕರಿಸಿದ ಮೇಲೆ, 2022ರ ಹೊತ್ತಿಗೆ ರೈಜೆನ್ 5000 ಸರಣಿಯ ಪ್ರೊಸೆಸರುಗಳನ್ನೂ ಸ್ವೀಕರಿಸಿದವು. ಅಂದರೆ ಹಳೆಯ ಮನೆಯಲ್ಲೇ ಹೊಸ ಸಂಸಾರ! 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ 2027ರವರೆಗಾದರೂ ಬೆಂಬಲ ನೀಡುವುದಾಗಿ ಆ ಕಂಪನಿ ಹೇಳಿದೆ. ಪ್ರೊಸೆಸರ್ ಮಧ್ಯಮ ದರ್ಜೆಯದಾದರೂ ಸಾಲುತ್ತದೆ. ಆದರೆ ಗ್ರಾಫಿಕ್ಸ್ ಅದರಲ್ಲೇ ಅಡಕವಾಗಿರಲಿ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಕೆಲವು ನೂರು ರೂಪಾಯಿ ಉಳಿಯಿತೆಂದು ಅದನ್ನು ಕೊಂಡರೆ ಕೆಲವು ಸಾವಿರದ ಕಾರ್ಡನ್ನು ಬೇರೆ ಕೊಳ್ಳಬೇಕಾಗುತ್ತದೆ.

ಇನ್ನು ಉಳಿತಾಯದ ಮಾತು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತವಾಗಿ ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವು ಅದಕ್ಕೆ ಮುಖ್ಯ ಕಾರಣ. ಹೀಗಿರುವಾಗ 16 ಜಿಬಿಯ ಎರಡು ಪಟ್ಟಿಗಳನ್ನು ಇಂದೇ ಕೊಳ್ಳುವ ಹಠ ಬೇಡ. ಒಂದನ್ನು ಹಾಕಿ, ಇನ್ನೊಂದರ ಜಾಗವನ್ನು ಖಾಲಿ ಬಿಡಿ. ವೇಗ ತುಸು ಕಡಿಮೆಯಾದೀತು, ಪಾಠ ನಿಲ್ಲುವುದಿಲ್ಲ.

ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎಂಬ ಭಯ ಕೆಲವರಿಗೆ. ಲೆಕ್ಕ ಹಾಕಿ ನೋಡೋಣ. 150 ಟಿಬಿ ಬರೆಯುವವರೆಗೆ ಖಾತರಿಯಿರುವ ಡಿಸ್ಕಿಗೆ ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ ಆಗುತ್ತದೆ. ಆ ಮಿತಿ ತಲಪಲು 20 ವರ್ಷ ಬೇಕು. ಆದ್ದರಿಂದ ದುಬಾರಿ ಡಿಸ್ಕಿನ ಅಗತ್ಯವಿಲ್ಲ. ಆದರೆ ಎಸ್‌ಎಸ್‌ಡಿ ಕೆಡುವಾಗ ಮುನ್ಸೂಚನೆಯಿಲ್ಲದೆ ಕೆಡುವುದುಂಟು. ಉಳಿದ ಹಣದಲ್ಲಿ ಕಡತಗಳ ಪ್ರತಿ ಇರಿಸಲು ಹೊರಗಿನ ಡಿಸ್ಕೊಂದನ್ನು ಕೊಳ್ಳುವುದು ಜಾಣತನ.

ಯಂತ್ರಕ್ಕೆ ಮುಪ್ಪು ತರುವುದು ಬರೀ ಸವೆತವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಸುಮಾರು 2018ರಿಂದೀಚಿನ ಪ್ರೊಸೆಸರ್ ಬೇಕು. ಹೀಗಾಗಿ ಗಟ್ಟಿಮುಟ್ಟಾಗಿದ್ದ ಲಕ್ಷಾಂತರ ಯಂತ್ರಗಳು ಒಂದೇ ದಿನದಲ್ಲಿ ನಿವೃತ್ತರಾದವರ ಪಟ್ಟಿಗೆ ಸೇರಿದವು. ನಿವೃತ್ತರಾದ ಮಾತ್ರಕ್ಕೆ ಕೆಲಸಕ್ಕೆ ಬಾರದವರಾಗುವುದಿಲ್ಲವೆಂಬುದನ್ನು ನಾನಲ್ಲದೆ ಇನ್ನಾರು ಹೇಳಬೇಕು? ಅವುಗಳಿಗೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದು. ಅದರಲ್ಲಿ ಕನ್ನಡದ ಕಗಪ ಕೀಲಿಮಣೆ ವಿನ್ಯಾಸವೂ ಇದೆ. ಹಳೆಯ ಯಂತ್ರ ಮನೆಯಲ್ಲಿದ್ದರೆ ಹೊಸದನ್ನು ಕೊಳ್ಳುವ ಮೊದಲು ಅದಕ್ಕೊಂದು ಎಸ್‌ಎಸ್‌ಡಿ ಹಾಕಿ ನೋಡಿ.

"ಇಷ್ಟೆಲ್ಲ ತಾಪತ್ರಯವೇಕೆ, ಲ್ಯಾಪ್‌ಟಾಪ್ ಸಾಲದೇ?" ಎನ್ನುವವರಿದ್ದಾರೆ. ಹಾಸ್ಟೆಲ್ಲಿಗೆ ಹೋಗುವ ಮಗುವಿಗೆ ಅದೇ ಸರಿ. ಮನೆಮಂದಿಯೆಲ್ಲ ಬಳಸುವುದಾದರೆ ಮೇಜಿನ ಯಂತ್ರವೇ ಲೇಸು. ಇದರ ಕೀಲಿಮಣೆ ಕೆಟ್ಟರೆ ಕೀಲಿಮಣೆಯನ್ನಷ್ಟೇ ಬದಲಿಸಿದರೆ ಮುಗಿಯಿತು. ಜೊತೆಗೊಂದು ಯುಪಿಎಸ್ ಇರಲಿ, ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಿ, ಆರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಆ ಹಾಸಿಗೆ ಹತ್ತು ವರ್ಷ ಹರಿಯದಂತಿರಬೇಕು. ಅಂಗಡಿಗೆ ಹೋಗುವಾಗ ಮಗಳನ್ನೂ ಕರೆದೊಯ್ಯಿರಿ. ಪ್ರತಿಯೊಂದು ಭಾಗದ ಹೆಸರು, ಬೆಲೆ, ಖಾತರಿಯ ಅವಧಿಗಳನ್ನು ಅವಳೇ ಬರೆದುಕೊಳ್ಳಲಿ. ಮುಂದೆ ಯಂತ್ರ ಕೆಟ್ಟಾಗ ಯಾವುದನ್ನು ಬದಲಿಸಬೇಕೆಂದು ಆ ಮನೆಯಲ್ಲಿ ತಿಳಿದವರೊಬ್ಬರಿರುತ್ತಾರೆ.