ಫೈಲ್ ಬಂತು ಅಂತ ಮೇಲ್ ಕಳಿಸಬೇಡಿ ಸ್ವಾಮಿ!

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ಈ ಆರು ವರ್ಷದಲ್ಲಿ ನಾಲ್ಕು ಸಲ, ಮೂರು ಬೇರೆ ಬೇರೆ ಮ್ಯಾನೇಜರುಗಳಿಂದ, ನನಗೆ ಬಂದಿರೋ ಒಂದೇ ಕೆಲಸ ಇದು: "ಸರ್ವರ್‌ನಲ್ಲಿ ಈ ಫೋಲ್ಡರ್ ಮೇಲೆ ಒಂದು ಕಣ್ಣಿಡಪ್ಪ. ಹೊಸ ಫೈಲ್ ಬಂದ ತಕ್ಷಣ ಎಲ್ಲರಿಗೂ ಮೇಲ್ ಹೋಗೋ ಹಾಗೆ ಮಾಡು. ಅರ್ಧ ದಿನದ ಕೆಲಸ ಅಷ್ಟೆ." ನಾಲ್ಕೂ ಸಲ ಬಾಯಿ ಮುಚ್ಚಿಕೊಂಡು ಮಾಡಿಕೊಟ್ಟೆ. ಐದನೇ ಸಲ ಕಳೆದ ವಾರ ಬಂತು. ಮಾಡಲ್ಲ ಅಂದೆ. ಮೀಟಿಂಗಿನಲ್ಲಿ ಇದ್ದವರೆಲ್ಲ ನನ್ನ ಮುಖ ನೋಡಿದರು. ಯಾಕೆ ಅಂತ ವಿವರಿಸೋಕೆ ಅಲ್ಲಿ ಹತ್ತು ನಿಮಿಷ ಸಿಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ :-)

ಮೊದಲು ಒಂದು ಕಥೆ ಹೇಳಿಬಿಡ್ತೀನಿ.

ನಾನು ಹಿಂದೆ ಇದ್ದ ಕಂಪನಿ ಸಂಬಳದ ಲೆಕ್ಕ ಮಾಡಿಕೊಡೋ ಕಂಪನಿ. ಕಾರ್ಖಾನೆಗಳಲ್ಲಿ ಗುತ್ತಿಗೆ ಮೇಲೆ ದುಡಿಯೋ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಹೆಂಗಸರು... ಇವರ ಇಡೀ ತಿಂಗಳ ಹಾಜರಿ ಒಂದು ಫೈಲಾಗಿ ನಮ್ಮ ಸರ್ವರ್‌ನ ಫೋಲ್ಡರಿಗೆ ಎಸ್‌ಎಫ್‌ಟಿಪಿಯಲ್ಲಿ ಬಂದು ಬೀಳಬೇಕು. ಬಿದ್ದ ಕೂಡಲೇ ಹದಿನಾಲ್ಕು ಜನಕ್ಕೆ ಮೇಲ್. ಮೂವತ್ತು ಸೆಕೆಂಡ್ ಬಿಟ್ಟು ಅದೇ ಸ್ಕ್ರಿಪ್ಟ್ ಫೈಲನ್ನ ಎತ್ತಿ ಲೆಕ್ಕಕ್ಕೆ ಹಾಕುತ್ತಿತ್ತು. ಆ 'ಸ್ಲೀಪ್ 30' ಅನ್ನೋ ಸಾಲು ಬರೆದ ಮಹಾನುಭಾವ ನಾನೇ. ಟೆಸ್ಟ್ ಮಾಡುವಾಗ ಆಫೀಸಿನ ನೆಟ್‌ವರ್ಕಿನಲ್ಲಿ ನಾಲ್ಕೇ ಸೆಕೆಂಡಿಗೆ ಫೈಲ್ ಬರ್ತಿತ್ತು, ಮೂವತ್ತು ಧಾರಾಳ ಆಯ್ತು ಅಂದುಕೊಂಡಿದ್ದೆ.

ಒಂದು ತಿಂಗಳು ಒಂದು ಕಾರ್ಖಾನೆಯಲ್ಲಿ ಇಂಟರ್ನೆಟ್ ಕುಂಟುತ್ತಿತ್ತು. ಮೂವತ್ತು ಸೆಕೆಂಡಿಗೆ ಫೈಲ್ ಅರ್ಧವೇ ಬಂದಿತ್ತು. ಮೇಲ್ ಮಾತ್ರ ಠಾಕುಠೀಕಾಗಿ ಹೋಯ್ತು, "ಹೊಸ ಫೈಲ್ ಬಂದಿದೆ" ಅಂತ. ಎಲ್ಲರೂ ನೆಮ್ಮದಿಯಾಗಿ ಮಲಗಿದೆವು. ಏಳನೇ ತಾರೀಖು ಅಲ್ಲಿನ ಸೂಪರ್‌ವೈಸರ್ ಫೋನ್ ಮಾಡಿದರು, "ಸಾರ್, ನಮ್ಮೋರಲ್ಲಿ ಅರ್ಧ ಜನಕ್ಕೆ ದುಡ್ಡೇ ಬಿದ್ದಿಲ್ವಲ್ಲ..." ತೆಗೆದು ನೋಡಿದರೆ, ಇಂಗ್ಲಿಷ್ ಅಕ್ಷರಕ್ರಮದಲ್ಲಿದ್ದ ಪಟ್ಟಿ 'ಎಂ' ದಾಟಿ ತುಂಡಾಗಿತ್ತು. ಮಂಜುನಾಥರೆಲ್ಲ ಒಳಗೆ, ನಾಗರಾಜರು, ರಮೇಶರು, ಸಾವಿತ್ರಮ್ಮಂದಿರೆಲ್ಲ ಹೊರಗೆ! ಅವರ ಕೈಗೆ ಹಣ ಸೇರೋಕೆ ಮತ್ತೆ ಐದು ದಿನ ಹಿಡೀತು. ಐದು ದಿನ ತಡವಾದರೆ ನನಗೆ ಏನೂ ಆಗಲ್ಲ. ಬಾಡಿಗೆ, ಚೀಟಿ ದುಡ್ಡು, ಮಗುವಿನ ಸ್ಕೂಲ್ ಫೀಸು ಅಂತ ಏಳನೇ ತಾರೀಖನ್ನೇ ಕಾಯೋರಿಗೆ ಆಗುತ್ತೆ.

ಆಮೇಲೆ ವಿಚಾರಣೆ ನಡೆದಾಗ ಹದಿನಾಲ್ಕು ಜನರೂ ಹೇಳಿದ್ದು ಒಂದೇ ಮಾತು: "ಮೇಲ್ ಬಂದಿತ್ತಲ್ಲ?"

ನನ್ನ ಜಗಳ ಇರೋದು ಇಲ್ಲೇ. ಮೇಲ್ ಸುಳ್ಳು ಹೇಳಿರಲಿಲ್ಲ. ಆದರೆ ಸರ್ವರ್‌ಗೆ ಗೊತ್ತಿದ್ದದ್ದಾದರೂ ಎಷ್ಟು? ಲಿನಕ್ಸ್ ಕರ್ನೆಲ್‌ಗೆ 'ಐನೋಟಿಫೈ' ಸೇರಿದ್ದು 2005ರಲ್ಲಿ, 2.6.13 ಆವೃತ್ತಿಯಲ್ಲಿ. ಫೋಲ್ಡರಿನಲ್ಲಿ ಏನಾದರೂ ಆದರೆ ಪ್ರೋಗ್ರಾಮಿಗೆ ತಿಳಿಸೋದು ಅದರ ಕೆಲಸ. ಅದರ 'ಕ್ರಿಯೇಟ್' ಸೂಚನೆಯ ಅರ್ಥ ಒಂದು ಹೆಸರು ಹುಟ್ಟಿತು ಅಂತ, ಅಷ್ಟೆ. ಆ ಕ್ಷಣಕ್ಕೆ ಫೈಲಿನೊಳಗೆ ಸೊನ್ನೆ ಬೈಟ್ ಇರಬಹುದು. "ಅಯ್ಯೋ, 'ಕ್ಲೋಸ್ ರೈಟ್' ಬಳಸಬೇಕಿತ್ತು ಮಾರಾಯ" ಅಂತ ಬಲ್ಲವರು ಈಗಲೇ ಗೊಣಗ್ತಿರ್ತೀರಿ. ನಾನೂ ಆಮೇಲೆ ಅದಕ್ಕೇ ಬದಲಾಯಿಸಿದೆ. ಆದರೆ ನಡುವೆ ಕನೆಕ್ಷನ್ ಕಡಿದುಹೋದರೂ ಬರೀತಿದ್ದ ಪ್ರೋಸೆಸ್ ಸತ್ತು ಫೈಲ್ ಕ್ಲೋಸ್ ಆಗುತ್ತೆ, ಅದೇ ಸೂಚನೆ ಬರುತ್ತೆ! ಇನ್ನು ಆ ಫೋಲ್ಡರ್ ಎನ್‌ಎಫ್‌ಎಸ್ ಮೇಲಿದ್ದು ಇನ್ನೊಂದು ಮೆಷಿನ್ ಅದರಲ್ಲಿ ಬರೆದರೆ ಐನೋಟಿಫೈಗೆ ಸುದ್ದಿಯೇ ಇರಲ್ಲ. ವಿಂಡೋಸಿನ ಫೈಲ್‌ಸಿಸ್ಟಮ್‌ವಾಚರ್ ಏನೂ ಸಾಚಾ ಅಲ್ಲ, ಅದರ ಬಫರ್ ಏನೂ ಬದಲಿಸದಿದ್ದರೆ 8 ಕೆಬಿ, ಒಮ್ಮೆಲೇ ನೂರಾರು ಫೈಲ್ ಸುರಿದರೆ ಕೆಲವು ಜಾರಿಹೋಗುತ್ತವೆ.

ಫೈಲ್ ಪೂರ್ತಿ ಆಯ್ತು ಅಂತ ಹೇಳೋ ಹಕ್ಕು ಕಳಿಸಿದವನಿಗೆ ಮಾತ್ರ ಇರೋದು. ಬೇರೆ ಹೆಸರಲ್ಲಿ ಕಳಿಸಿ, ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಿಸಲಿ, ಒಂದೇ ಫೈಲ್‌ಸಿಸ್ಟಮ್ ಒಳಗೆ ಆ ಬದಲಾವಣೆ ಅರ್ಧಂಬರ್ಧ ಆಗೋ ಪ್ರಶ್ನೆಯೇ ಇಲ್ಲ. ಕೊನೇ ಸಾಲಿನಲ್ಲಿ "ಒಟ್ಟು ಇಷ್ಟು ಸಾಲು" ಅಂತ ಬರೆಯಲಿ. ಇದೇನು ಹೊಸ ವಿದ್ಯೆ ಅಲ್ಲ, ಬ್ಯಾಂಕಿನ ಬ್ಯಾಚ್ ಫೈಲುಗಳಲ್ಲಿ ಹಳೇ ಕಾಲದಿಂದ ಇರೋದೇ. ನಮಗೆ ಕೇಳೋಕೆ ಸೋಮಾರಿತನ, ಅದಕ್ಕೇ ಸ್ಲೀಪ್ 30.

ಸರಿ, ಫೈಲ್ ಬರಲೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಮೇಲ್ ಬರುತ್ತಾ? ಇಲ್ಲ. ಸ್ಕ್ರಿಪ್ಟ್ ಸತ್ತಿದ್ದರೆ? ಇಲ್ಲ. ಮೇಲ್ ಕಳಿಸೋ ಅಕೌಂಟಿನ ಪಾಸ್‌ವರ್ಡ್ ಅವಧಿ ಮುಗಿದಿದ್ದರೆ? ಆಗಲೂ ಇಲ್ಲ! ಬರೀ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗೋದನ್ನ ಜಿಮೇಲ್ 2022ರ ಮೇ ಕೊನೆಗೆ ಸಾಮಾನ್ಯ ಖಾತೆಗಳಿಗೆ ನಿಲ್ಲಿಸಿತು. ಅದನ್ನು ನಂಬಿಕೊಂಡಿದ್ದ ಸ್ಕ್ರಿಪ್ಟುಗಳು ಅವತ್ತಿಂದ ಮೂಕ. ಇದೆಲ್ಲ ಸರಿಯಿದ್ದರೂ ಮೇಲ್ ಅನ್ನೋದು ಅವಸರದ ವಾಹನವೇ ಅಲ್ಲ. ಎಸ್‌ಎಂಟಿಪಿಯ ನಿಯಮ ಬರೆದಿರೋ ಆರ್‌ಎಫ್‌ಸಿ 5321 ಪ್ರಕಾರ, ತಲುಪದ ಮೇಲನ್ನ ಕೈಬಿಡೋ ಮೊದಲು ಸರ್ವರ್ ಸಾಮಾನ್ಯವಾಗಿ 4-5 ದಿನವಾದರೂ ಪ್ರಯತ್ನ ಮಾಡುತ್ತಿರಬೇಕು. ಸೋಮವಾರದ ಎಚ್ಚರಿಕೆ ಗುರುವಾರ ಬಂದರೂ ಅದು ತಪ್ಪಲ್ಲ!

ನಮ್ಮ ಮನೆ ಗೇಟಿಗೆ ಒಂದು ಚೀಲ ಸಿಕ್ಕಿಸಿರ್ತಾರೆ, ಬೆಳಗ್ಗೆ ಆರಕ್ಕೆ ನಂದಿನಿ ಪ್ಯಾಕೆಟ್ ಬೀಳುತ್ತೆ. ಹಾಲಿನ ಹುಡುಗ ದಿನಾ ಬೆಲ್ ಒತ್ತಿ "ಹಾಲು ಬಂತು" ಅಂದಿದ್ರೆ ಅಮ್ಮ ಮೂರನೇ ದಿನಕ್ಕೇ ಬೈದು ಕಳಿಸ್ತಿದ್ರು. ಆರೂವರೆಗೆ ಚೀಲ ಖಾಲಿ ಇದ್ದರೆ ಮಾತ್ರ ಫೋನ್ ಹೋಗೋದು. ಪ್ಯಾಕೆಟ್ ಒಡೆದಿದ್ದರೂ ಹೋಗುತ್ತೆ :-) ಬಿ.ಇ. ಓದದ ಅಮ್ಮನಿಗೆ ಗೊತ್ತಿರೋದು ನಮ್ಮ ಆರ್ಕಿಟೆಕ್ಟುಗಳಿಗೆ ಯಾಕೆ ಹೊಳೆಯಲ್ಲವೋ...

"ಆದರೂ ಮೇಲ್ ಬಂದರೆ ನಿಂಗೇನಪ್ಪ ನಷ್ಟ?" ಅಂತ ಕೇಳ್ತಾರೆ. ನಷ್ಟ ಇದೆ. ಆ ಸಂಬಳದ ಗಲಾಟೆ ಆದಮೇಲೆ ಹದಿನಾಲ್ಕು ಜನರಲ್ಲಿ ಏಳೆಂಟು ಜನರನ್ನ ಸುಮ್ಮನೆ ಕೇಳಿ ನೋಡಿದೆ. ಎಲ್ಲರೂ ಆ ಮೇಲನ್ನ ಬೇರೆ ಫೋಲ್ಡರಿಗೆ ತಳ್ಳೋ ರೂಲ್ ಹಾಕಿಕೊಂಡಿದ್ದರು. ಕೇಳಿ ಹಾಕಿಸಿಕೊಂಡಿದ್ದ ಮ್ಯಾನೇಜರೂ ಸೇರಿದಂತೆ! ನಾನೂ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ. ಆ ಮೇಲ್ ಓದೋದಕ್ಕಲ್ಲ ಸ್ವಾಮಿ, ನಾಳೆ ಏನಾದರೂ ಆದರೆ "ನಾವು ತಿಳಿಸಿದ್ದೆವಲ್ಲ" ಅನ್ನೋದಕ್ಕೆ. ಹದಿನಾಲ್ಕು ಜನ ಕೈತೊಳೆದುಕೊಳ್ಳೋಕೆ ಒಂದು ನಲ್ಲಿ. ಅದರ ಬೆಲೆ ಕೊಟ್ಟೋರು ನಾಗರಾಜ, ಸಾವಿತ್ರಮ್ಮ.

ಕಳೆದ ವಾರ ನಾನು ಹೇಳಿದ್ದು ಇಷ್ಟೆ. ರಾತ್ರಿ ಒಂಬತ್ತಕ್ಕೆ ಪರೀಕ್ಷೆ ಮಾಡೋಣ: ಫೈಲ್ ಬಂದಿದೆಯಾ, ಕೊನೇ ಸಾಲಿನ ಲೆಕ್ಕ ತಾಳೆಯಾಗುತ್ತಾ? ಇಲ್ಲ ಅಂದರೆ ಒಬ್ಬರಿಗೆ, ಒಬ್ಬರಿಗೇ, ಅವತ್ತಿನ ಪಾಳಿಯವರಿಗೆ ಫೋನ್ ಹೋಗಲಿ. ಪರೀಕ್ಷೆ ಮಾಡೋ ಸ್ಕ್ರಿಪ್ಟೇ ಸತ್ತರೆ ಗೊತ್ತಾಗೋಕೆ, ಅದು ದಿನಾ ಇನ್ನೊಂದು ಮೆಷಿನ್‌ಗೆ "ಇದ್ದೀನಿ" ಅನ್ನಲಿ. ಅನ್ನದಿದ್ದರೆ ಆ ಮೆಷಿನ್ ಬೊಬ್ಬೆ ಹೊಡೀಲಿ.

ಮ್ಯಾನೇಜರ್ ಎಲ್ಲಾ ಕೇಳಿಸಿಕೊಂಡರು, ತಲೆಯಾಡಿಸಿದರು. "ತುಂಬಾ ಚೆನ್ನಾಗಿದೆ. ಇದರ ಜೊತೆಗೆ ಫೈಲ್ ಬಂದಾಗ ಒಂದು ಮೇಲೂ ಹಾಕಿಬಿಡು, ಸಮಾಧಾನಕ್ಕೆ" ಅಂದರು.

ಇನ್ನೂ ಹಾಕಿಲ್ಲ. ಸೋಮವಾರ ಮತ್ತೆ ಮೀಟಿಂಗ್ ಇದೆ.