ತಡೆಯದ ಗೆಳೆತನ

ಡೋರಿಸ್ ಲೆಸ್ಸಿಂಗರ ಕಿರುಕಾದಂಬರಿಯನ್ನಾಧರಿಸಿ ಆ್ಯನ್ ಫಾಂಟೇನ್ ನಿರ್ದೇಶಿಸಿದ ‘ಅಡೋರ್’ (2013) ಚಲನಚಿತ್ರವು ನಮ್ಮನ್ನು ಕಳವಳಗೊಳಿಸುತ್ತದೆ. ಆಸ್ಟ್ರೇಲಿಯಾದ ಕಡಲತೀರದಲ್ಲಿ ನೆರೆಹೊರೆಯವರಾಗಿ ಬಾಳುವ ಲಿಲ್ ಮತ್ತು ರೋಜ್ ಬಾಲ್ಯದ ಗೆಳತಿಯರು. ರೋಜ್‌ಳು ಲಿಲ್‌ಳ ಹರೆಯದ ಮಗನೊಡನೆ, ಲಿಲ್‌ಳು ರೋಜ್‌ಳ ಮಗನೊಡನೆ ಪ್ರಣಯದಲ್ಲಿ ತೊಡಗುತ್ತಾರೆ.

ನಾವು ಸ್ನೇಹವನ್ನು ದೂಷಿಸುವುದಿಲ್ಲ. ಆದರೆ ಎಡವುವಾಗ ತಡೆಯುವವಳೇ ನಿಜವಾದ ಗೆಳತಿ. ಇವರಾದರೋ ಒಬ್ಬರ ತಪ್ಪಿಗೆ ಇನ್ನೊಬ್ಬರು ಮರೆಯಾಗುತ್ತಾರೆ. ಮುಂದೆ ಪುತ್ರರು ಮದುವೆಯಾಗಿ ಹೆಣ್ಣುಮಕ್ಕಳ ತಂದೆಯರಾಗುತ್ತಾರೆ. ಗುಟ್ಟು ಬಯಲಾದಂದು ಸೊಸೆಯಂದಿರು ಮಕ್ಕಳನ್ನೆತ್ತಿಕೊಂಡು ಹೊರನಡೆಯುತ್ತಾರೆ. ಕಡೆಯ ದೃಶ್ಯದಲ್ಲಿ ತಾಯಂದಿರೂ ಮಕ್ಕಳೂ ಕಡಲಲ್ಲಿ ತೇಲುವ ತೆಪ್ಪದ ಮೇಲೆ ಮಲಗಿರುತ್ತಾರೆ.

ಚಿತ್ರವು ತೀರ್ಪು ನೀಡುವುದಿಲ್ಲ. ತಂದೆಯ ಮನೆಯನ್ನು ಕಳೆದುಕೊಂಡ ಆ ಹಸುಳೆಗಳನ್ನು ನಾವು ಮರೆಯಲಾರೆವು. ‘ಇದು ಸಲ್ಲದು’ ಎಂದು ಪ್ರೀತಿಯಿಂದ ಹೇಳಬಲ್ಲವರು ನಮ್ಮ ಮನೆಗಳಲ್ಲಿ ಇದ್ದಾರೆಯೇ? ಅವರ ಮಾತಿಗೆ ನಾವು ಕಿವಿಗೊಡುತ್ತೇವೆಯೇ?